ಗೆಟ್ಟಿಸ್‌ಬರ್ಗ್‌ನ ಶ್ಮಕರ್: ತಾವೇ ಬರೆದ ಪ್ರಮಾಣವಚನಕ್ಕೆ ಸಿಕ್ಕಿಬಿದ್ದ ಪಾದ್ರಿ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ ಗೆಟ್ಟಿಸ್‌ಬರ್ಗ್‌ನ ‘ಸೆಮಿನರಿ ರಿಜ್’ ಎಂಬ ದಿಣ್ಣೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಸೆಮಿನರಿಯನ್ನೂ (ಪಾದ್ರಿಗಳನ್ನು ತಯಾರು ಮಾಡುವ ವಿದ್ಯಾಲಯ) ಅದೇ ಊರಿನ ಕಾಲೇಜನ್ನೂ ಕಟ್ಟಿದವರು ಸ್ಯಾಮ್ಯುಯೆಲ್ ಸೈಮನ್ ಶ್ಮಕರ್ ಎಂಬ ಲೂಥರನ್ ಪಾದ್ರಿಯಂತೆ. ಒಂದು ಕಡೆ ಅವರನ್ನು ಅಮೆರಿಕದ ಲೂಥರನ್ ಸಭೆಯನ್ನು (ಚರ್ಚನ್ನು) ಉಳಿಸಿದವರು ಎಂದಿದ್ದಾರೆ, ಇನ್ನೊಂದು ಕಡೆ ಲೂಥರನ್ ನಂಬಿಕೆಗೇ ಕತ್ತರಿ ಹಾಕಲು ಹೋದವರು ಎಂದಿದ್ದಾರೆ. ಎರಡೂ ಹೇಗೆ ನಿಜವಾದೀತು? ಒಬ್ಬ ಹಳ್ಳಿ ಪಾದ್ರಿಗೆ ಎರಡು ವಿದ್ಯಾಸಂಸ್ಥೆ ಕಟ್ಟುವಷ್ಟು ಹಣ ಎಲ್ಲಿಂದ ಬಂತು?

ಉತ್ತರ: ಎರಡೂ ನಿಜ. 1826ರಲ್ಲಿ ಅಮೆರಿಕದ ಲೂಥರನ್ ಪಾದ್ರಿಗಳಿಗೆ ಓದು ಬೇಕು, ಲೂಥರನ್ ನಂಬಿಕೆಯ ಮೂಲ ದಾಖಲೆಯಾದ ಆಗ್ಸ್‌ಬರ್ಗ್ ವಿಶ್ವಾಸಪತ್ರಕ್ಕೆ ಅವರು ಬದ್ಧರಿರಬೇಕು ಎಂದು ಹಟ ಹಿಡಿದವರು ಶ್ಮಕರ್. 1855ರಲ್ಲಿ ಅದೇ ವಿಶ್ವಾಸಪತ್ರದಲ್ಲಿ ಐದು ತಪ್ಪುಗಳಿವೆ, ತಿದ್ದೋಣ ಎಂದವರೂ ಅವರೇ. ಆ ತಿದ್ದುಪಡಿಯನ್ನು ಹೊಡೆದು ಹಾಕಿದವರಲ್ಲಿ ಅವರು ಕಟ್ಟಿದ ಸಂಸ್ಥೆಗಳಲ್ಲೇ ಓದಿದವರಿದ್ದರು. ಹಣದ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮುಂಚೆ ಇಸವಿಗಳನ್ನು ಸಾಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇವರ ಬಗೆಗಿನ ಗೊಂದಲಗಳಲ್ಲಿ ಹೆಚ್ಚಿನವು ಇಸವಿ ಕಲಸಿಹೋಗಿ ಹುಟ್ಟಿದವು.

ಶ್ಮಕರ್ ಹುಟ್ಟಿದ್ದು 1799ರ ಫೆಬ್ರವರಿ 28ರಂದು, ಮೇರಿಲ್ಯಾಂಡಿನ ಹೇಗರ್ಸ್‌ಟೌನ್‌ನಲ್ಲಿ. ತಂದೆ ಜಾನ್ ಜಾರ್ಜ್ ಶ್ಮಕರ್ ಕೂಡ ಲೂಥರನ್ ಪಾದ್ರಿ, ಮುಂದೆ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಹೆಸರಾದವರು. ಮಗ 1814ರಿಂದ 1816ರ ವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದು, 1818ರಲ್ಲಿ ಪ್ರಿನ್ಸ್‌ಟನ್ ಸೆಮಿನರಿಗೆ ಸೇರಿದರು. ಪ್ರಿನ್ಸ್‌ಟನ್ ಪ್ರೆಸ್ಬಿಟೇರಿಯನ್ನರೆಂಬ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದವರದು. ಲೂಥರನ್ ಹುಡುಗ ಅಲ್ಲಿಗೇಕೆ ಹೋದ ಎಂದರೆ, ಆ ಮಟ್ಟದ ಲೂಥರನ್ ಸೆಮಿನರಿ ದೇಶದಲ್ಲಿ ಇರಲಿಲ್ಲ. ನ್ಯೂಯಾರ್ಕ್ ಸೀಮೆಯಲ್ಲಿ ಹಾರ್ಟ್‌ವಿಕ್ ಎಂಬುದೊಂದು 1815ರಲ್ಲಿ ತೆರೆದಿತ್ತು, ಆದರೆ ಚಿಕ್ಕದು, ದೂರದ್ದು. ಉಳಿದಂತೆ ಹಿರಿಯ ಪಾದ್ರಿಯೊಬ್ಬರ ಮನೆಯಲ್ಲಿ ಎರಡು ಮೂರು ವರ್ಷ ಉಳಿದು, ಅವರ ಪುಸ್ತಕ ಓದಿ, ಅವರ ಜೊತೆ ಸಭೆಗಳಿಗೆ ಸುತ್ತಾಡಿ ಕಲಿಯುವುದೇ ರೂಢಿ. ನಮ್ಮ ಗುರುಕುಲದ ಹಾಗೆಯೇ. ಗುರುವಿನ ಕಪಾಟಿನಲ್ಲಿ ಎಷ್ಟು ಪುಸ್ತಕವೋ ಶಿಷ್ಯನ ವಿದ್ಯೆಯೂ ಅಷ್ಟೇ.

1820ರಲ್ಲಿ ಪ್ರಿನ್ಸ್‌ಟನ್ ಬಿಡುವಾಗ ಅವರು ಮೂರು ಹಂಬಲ ಇಟ್ಟುಕೊಂಡು ಹೊರಟರು: ಒಳ್ಳೆಯ ಲೂಥರನ್ ದೈವಶಾಸ್ತ್ರ ಗ್ರಂಥವೊಂದು ಇಂಗ್ಲಿಷಿಗೆ ಬರಬೇಕು, ಲೂಥರನ್ನರಿಗೆ ಒಂದು ಸೆಮಿನರಿ ಬೇಕು, ಒಂದು ಕಾಲೇಜು ಬೇಕು. ಮೂರೂ ಹನ್ನೆರಡು ವರ್ಷದಲ್ಲಿ ಕೈಗೂಡಿದವು. ವರ್ಜೀನಿಯಾದ ನ್ಯೂಮಾರ್ಕೆಟ್‌ನಲ್ಲಿ ಸಭಾಪಾಲಕರಾಗಿದ್ದುಕೊಂಡೇ (1820–26) ಮನೆಯಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಪಾಠ ಶುರು ಮಾಡಿದರು. ಜೊತೆಗೆ ಜರ್ಮನಿಯ ಟ್ಯೂಬಿಂಗನ್ ವಿದ್ವಾಂಸರಾದ ಸ್ಟೋರ್ ಮತ್ತು ಫ್ಲಾಟ್ ಅವರ ಬೈಬಲ್ ದೈವಶಾಸ್ತ್ರವನ್ನು ಅನುವಾದಿಸಿದರು. ಅದು 1826ರಲ್ಲಿ ಅಚ್ಚಾಯಿತು. ಟ್ಯೂಬಿಂಗನ್ ಹೆಸರು ಕನ್ನಡದವರಿಗೆ ಹೊಸದಲ್ಲ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅಲ್ಲಿಯೇ.

ಈಗ ಸೆಮಿನರಿ. ಇದಕ್ಕೆ ಹಿನ್ನೆಲೆಯಾಗಿ ಒಂದು ಬಿಕ್ಕಟ್ಟು ಇದೆ. ಬೇರೆ ಬೇರೆ ಸೀಮೆಯ ಲೂಥರನ್ ಸಿನಡ್‌ಗಳನ್ನು, ಅಂದರೆ ಆಯಾ ಸೀಮೆಯ ಸಭೆಗಳ ಆಡಳಿತ ಮಂಡಲಗಳನ್ನು, ಒಂದು ಸೂರಿನಡಿ ತರಲು 1820ರಲ್ಲಿ ಜನರಲ್ ಸಿನಡ್ ಹುಟ್ಟಿತು. ಆದರೆ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ 1823ರಲ್ಲಿ ಹೊರನಡೆಯಿತು. ಕಾರಣ ದೈವಶಾಸ್ತ್ರವಲ್ಲ, ಹಳ್ಳಿ ಸಭೆಗಳ ಭಯ: ಮೇಲೆ ಇನ್ನೊಂದು ಸಂಸ್ಥೆ ಕುಳಿತರೆ ವಂತಿಗೆ ಕೇಳುತ್ತದೆ, ನಮ್ಮ ಸ್ವಾತಂತ್ರ್ಯಕ್ಕೆ ಕೈ ಹಾಕುತ್ತದೆ. ಉಳಿದ ಸಣ್ಣ ಸಿನಡ್‌ಗಳೂ ಚದುರಿದ್ದರೆ ಜನರಲ್ ಸಿನಡ್ ಮೂರೇ ವರ್ಷದಲ್ಲಿ ಮುಗಿಯುತ್ತಿತ್ತು. ಅವನ್ನು ಹಿಡಿದು ನಿಲ್ಲಿಸಿದವರು ಇಪ್ಪತ್ತನಾಲ್ಕರ ಶ್ಮಕರ್. ‘ಸಭೆಯನ್ನು ಉಳಿಸಿದವರು’ ಎಂದು ನೀವು ಓದಿದ್ದು ಇದನ್ನೇ ಕುರಿತು.

ಜನರಲ್ ಸಿನಡ್ 1825ರಲ್ಲಿ ಸೆಮಿನರಿ ತೆರೆಯಲು ತೀರ್ಮಾನಿಸಿ, ಶ್ಮಕರ್ ಅವರನ್ನು ಮೊದಲ ಪ್ರೊಫೆಸರ್ ಆಗಿ ಆರಿಸಿತು. ಊರು ಯಾವುದು ಎಂಬುದನ್ನು ಒಂದು ಬಗೆಯ ಹರಾಜಿನಂತೆಯೇ ನಿರ್ಧರಿಸಿದರು. ಹೇಗರ್ಸ್‌ಟೌನ್, ಕಾರ್ಲೈಲ್, ಗೆಟ್ಟಿಸ್‌ಬರ್ಗ್ ಮೂರೂ ಊರಿನವರು ತಾವೇನು ಕೊಡುತ್ತೇವೆ ಎಂದು ಮುಂದಿಟ್ಟರು. ಗೆಟ್ಟಿಸ್‌ಬರ್ಗ್ 7,000 ಡಾಲರ್ ಚಂದಾ ಮತ್ತು ಊರಿನ ಆಡಮ್ಸ್ ಕೌಂಟಿ ಅಕಾಡೆಮಿಯ ಕಟ್ಟಡದ ಬಳಕೆ ಎರಡನ್ನೂ ಕೊಡುತ್ತೇವೆಂದು ಗೆದ್ದಿತು. ಕಟ್ಟಡ ಸಿಕ್ಕಿದ್ದೇ ದೊಡ್ಡದು. ಇಲ್ಲವಾದರೆ ಬಂದ ಚಂದಾವೆಲ್ಲ ಇಟ್ಟಿಗೆಗೇ ಹೋಗಿ, ಪ್ರೊಫೆಸರ್ ಸಂಬಳಕ್ಕೂ ಪುಸ್ತಕಕ್ಕೂ ಏನೂ ಉಳಿಯುತ್ತಿರಲಿಲ್ಲ. ಪುಸ್ತಕಕ್ಕಾಗಿ ಬೆಂಜಮಿನ್ ಕರ್ಟ್ಜ್ ಎಂಬ ಪಾದ್ರಿಯನ್ನು ಯುರೋಪಿಗೆ ಕಳುಹಿಸಿದರು. ಅವರು ಜರ್ಮನ್ ನಾಡುಗಳಲ್ಲಿ ಸುತ್ತಿ ಹಣವನ್ನೂ ಗ್ರಂಥಗಳನ್ನೂ ಬೇಡಿ ತಂದರು. 1826ರ ಸೆಪ್ಟೆಂಬರ್ 5ರಂದು ಸೆಮಿನರಿ ಶುರು. ಮೊದಲ ವರ್ಷಗಳಲ್ಲಿ ಪ್ರೊಫೆಸರ್ ಎಂದರೆ ಶ್ಮಕರ್ ಒಬ್ಬರೇ.

ಇಲ್ಲಿ ಒಂದು ಚಿಕ್ಕ ಕಾಗದವನ್ನು ಹತ್ತಿರದಿಂದ ನೋಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸೆಮಿನರಿಯಲ್ಲಿ ಪಾಠ ಹೇಳುವವರು ಅಧಿಕಾರ ವಹಿಸಿಕೊಳ್ಳುವಾಗ ಸ್ವೀಕರಿಸಬೇಕಾದ ಪ್ರಮಾಣವಚನವನ್ನು ಬರೆದವರು ಶ್ಮಕರ್. ಆಗ್ಸ್‌ಬರ್ಗ್ ವಿಶ್ವಾಸಪತ್ರವೂ ಲೂಥರನ ಕ್ಯಾಟೆಕಿಸಂಗಳೂ (ಪ್ರಶ್ನೋತ್ತರ ರೂಪದ ಧರ್ಮಬೋಧೆಯ ಪುಸ್ತಕಗಳು) ದೇವರ ವಾಕ್ಯದ ಮೂಲಭೂತ ಬೋಧನೆಗಳ ಸರಿಯಾದ ಸಂಗ್ರಹ ಎಂದು ಮನಃಪೂರ್ವಕ ನಂಬುತ್ತೇನೆ ಎಂಬುದು ಅದರ ಸಾರ. ವಿಶ್ವಾಸಪತ್ರ ಎಂದರೆ 1530ರಲ್ಲಿ ಲೂಥರನ ಒಡನಾಡಿ ಮೆಲಾಂಕ್ತನ್ ಬರೆದು ಚಕ್ರವರ್ತಿ ಐದನೆಯ ಚಾರ್ಲ್ಸ್ ಮುಂದೆ ಓದಿಸಿದ 28 ವಿಧಿಗಳ ಪತ್ರ. ಜನರಲ್ ಸಿನಡ್‌ನ 1820ರ ನಿಯಮಾವಳಿಯಲ್ಲಿ ಈ ಪತ್ರದ ಹೆಸರೇ ಇರಲಿಲ್ಲ. ಆ ಕಾಲದ ಅಮೆರಿಕನ್ ಲೂಥರನ್ನರಲ್ಲಿ ಅದನ್ನು ಎದುರಿಗಿಟ್ಟು ಓದಿದವರೇ ಕಡಿಮೆ. ಆದ್ದರಿಂದ 1826ರ ಕಣ್ಣಿನಿಂದ ನೋಡಿದರೆ ಶ್ಮಕರ್ ಸಂಪ್ರದಾಯ ಬಿಟ್ಟವರಲ್ಲ, ಮರೆತ ಸಂಪ್ರದಾಯವನ್ನು ಮತ್ತೆ ಮೇಜಿನ ಮೇಲಿಟ್ಟವರು.

ಆದರೆ ‘ಮೂಲಭೂತ’ ಎಂಬ ಆ ಒಂದು ಮಾತನ್ನು ಗಮನಿಸಿ. ಇಂಥ ಪತ್ರಕ್ಕೆ ಸಹಿ ಹಾಕುವುದರಲ್ಲಿ ಎರಡು ಬಗೆಯಿದೆ. ‘ಇದು ಬೈಬಲಿಗೆ ಒಪ್ಪುತ್ತದೆ, ಆದ್ದರಿಂದ ಸಹಿ’ ಎಂಬುದು ಒಂದು. ‘ಬೈಬಲಿಗೆ ಎಷ್ಟು ಒಪ್ಪುತ್ತದೋ ಅಷ್ಟಕ್ಕೆ ಮಾತ್ರ ಸಹಿ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ 28 ವಿಧಿಯೂ ಸೇರಿತು. ಎರಡನೆಯದರಲ್ಲಿ ಎಷ್ಟು ಸೇರಿತು ಎಂಬುದು ಸಹಿ ಹಾಕಿದವರ ಮನಸ್ಸಿಗೆ ಬಿಟ್ಟದ್ದು. ಶ್ಮಕರ್ ಯಾವಾಗಲೂ ಎರಡನೆಯ ಪಕ್ಷ. ಮೂಲಭೂತವಾದದ್ದಕ್ಕೆ ಬದ್ಧ, ಉಳಿದದ್ದಕ್ಕೆ ಸ್ವತಂತ್ರ. ಅವರು ನಂಬಿಕೆ ಬದಲಿಸಿದರು ಎಂದು ಬರೆಯುವವರು ಈ ಮಾತನ್ನು ಹಾರಿಸಿ ಓದುತ್ತಾರೆ ಎಂಬುದು ನನ್ನ ಅಭಿಪ್ರಾಯ. ಅವರಿಗಿಂತ ಹೆಚ್ಚು ಬದಲಾದದ್ದು ಅವರ ಸುತ್ತಲಿನ ಜನ.

ಸೆಮಿನರಿ ತೆರೆದ ಮೇಲೆ ಮೊದಲ ತೊಡಕು ಬಂದದ್ದು ಹಣದಿಂದಲ್ಲ, ಲ್ಯಾಟಿನ್‌ನಿಂದ. ಬಂದ ಹುಡುಗರಲ್ಲಿ ಹಲವರಿಗೆ ಗ್ರೀಕ್, ಲ್ಯಾಟಿನ್ ಗೊತ್ತಿಲ್ಲ. ಗ್ರೀಕ್ ಬಾರದವನಿಗೆ ಹೊಸ ಒಡಂಬಡಿಕೆಯ ಪಾಠ ಹೇಳುವುದು ಹೇಗೆ? ಅದಕ್ಕಾಗಿ 1827ರಲ್ಲಿ ಅದೇ ಅಕಾಡೆಮಿ ಕಟ್ಟಡದಲ್ಲಿ ಪೂರ್ವಸಿದ್ಧತಾ ಶಾಲೆಯೊಂದನ್ನು ತೆರೆದು ಡೇವಿಡ್ ಜೇಕಬ್ಸ್ ಎಂಬ ಯುವಕನನ್ನು ಮೇಷ್ಟರಾಗಿ ಕೂರಿಸಿದರು. 1829ರಲ್ಲಿ ಗಣಿತ, ವಿಜ್ಞಾನಕ್ಕೆಂದು ಅವರ ಸಹೋದರ ಮೈಕೆಲ್ ಜೇಕಬ್ಸ್ ಬಂದರು. ಮರುವರ್ಷ ಡೇವಿಡ್ ತೀರಿಕೊಂಡರು. ಮೈಕೆಲ್ ಅಲ್ಲಿಯೇ ಉಳಿದು ಮೂರು ದಶಕಕ್ಕೂ ಮಿಕ್ಕಿ ಪಾಠ ಹೇಳಿದರು.

ಅಷ್ಟರಲ್ಲಿ ಎರಡನೆಯ ತೊಡಕು. ಅಕಾಡೆಮಿ ಕಟ್ಟಡದ ಮೇಲೆ ಸಾಲವಿತ್ತು. 1829ರಲ್ಲಿ ಅದು ಮಾರಾಟಕ್ಕೆ ಬಂತು. ಬೇರೆಯವರ ಪಾಲಾಗಿದ್ದರೆ ಸೆಮಿನರಿಯೂ ಶಾಲೆಯೂ ಒಟ್ಟಿಗೇ ಬೀದಿಗೆ ಬೀಳುತ್ತಿದ್ದವು. ಶ್ಮಕರ್ ಅದನ್ನು ತಮ್ಮ ಹೆಸರಿಗೇ ಕೊಂಡರು, ಆಮೇಲೆ ಪಾಲುಗಳಾಗಿ ಒಡೆದು ಲೂಥರನ್ ಪಾದ್ರಿಗಳಿಗೆ ಮಾರಿ ಹಣ ಹೊಂದಿಸಿದರು. ಪಾಲು ಕೊಂಡ ಪಾದ್ರಿ ತನ್ನ ಸಭೆಯ ಹುಡುಗರನ್ನೂ ಅಲ್ಲಿಗೇ ಕಳುಹಿಸುತ್ತಾನಲ್ಲ, ಹಾಗಾಗಿ ಈ ಉಪಾಯದಲ್ಲಿ ಹಣದ ಜೊತೆ ವಿದ್ಯಾರ್ಥಿಗಳೂ ಬಂದರು. ಆ ಶಾಲೆಗೆ ‘ಗೆಟ್ಟಿಸ್‌ಬರ್ಗ್ ಜಿಮ್ನೇಸಿಯಂ’ ಎಂದು ಹೆಸರು. ಗರಡಿಮನೆ ಎಂದುಕೊಳ್ಳಬೇಡಿ, ಜರ್ಮನ್ನರಲ್ಲಿ ಜಿಮ್ನೇಸಿಯಂ ಎಂದರೆ ಹೈಸ್ಕೂಲು.

ಹೈಸ್ಕೂಲು ಪದವಿ ಕೊಡಲಾರದು. ಪದವಿ ಕೊಡಬೇಕಾದರೆ ರಾಜ್ಯ ಶಾಸನಸಭೆಯ ಸನದು ಬೇಕು. ಶ್ಮಕರ್ ಹ್ಯಾರಿಸ್‌ಬರ್ಗ್‌ಗೆ ಹೋಗಿ ಶಾಸಕರನ್ನು ಒಪ್ಪಿಸಿದರು. ಪೆನ್ಸಿಲ್ವೇನಿಯಾದ ಜನರಲ್ಲಿ ಜರ್ಮನ್ ಮೂಲದವರು ಇಷ್ಟೊಂದು ಮಂದಿ ಇದ್ದೂ ಅವರಿಗೆಂದು ಒಂದು ಕಾಲೇಜಿಲ್ಲ ಎಂಬ ವಾದ ಚುನಾವಣೆ ಗೆಲ್ಲಬೇಕಾದ ಯಾವ ಶಾಸಕನಿಗೂ ಅರ್ಥವಾಗುವಂಥದ್ದು. 1832ರ ಏಪ್ರಿಲ್ 7ರಂದು ‘ಪೆನ್ಸಿಲ್ವೇನಿಯಾ ಕಾಲೇಜ್ ಆಫ್ ಗೆಟ್ಟಿಸ್‌ಬರ್ಗ್’ ಸನದು ಪಡೆಯಿತು. ಸನದೊಂದೇ ಸಾಲದು, ಕಟ್ಟಡ ಬೇಕು. ಇಲ್ಲಿ ನೆರವಾದವರು ಥ್ಯಾಡಿಯಸ್ ಸ್ಟೀವನ್ಸ್. ಮುಂದೆ ಗುಲಾಮಗಿರಿಯ ಕಡುವಿರೋಧಿಯಾಗಿ ಅಮೆರಿಕದ ಸಂಸತ್ತನ್ನೇ ನಡುಗಿಸಿದ ಈ ವಕೀಲರು ಆಗ ಗೆಟ್ಟಿಸ್‌ಬರ್ಗ್‌ನ ಶಾಸಕ. 1834ರಲ್ಲಿ ಕಾಲೇಜಿಗೆ ರಾಜ್ಯದಿಂದ 18,000 ಡಾಲರ್ ಮಂಜೂರು ಮಾಡಿಸಿದರು, ಜಾಗವೂ ಅವರಿಂದಲೇ ಬಂತು. ಬಿಳಿ ಕಂಬಗಳ ಪೆನ್ಸಿಲ್ವೇನಿಯಾ ಹಾಲ್ 1837ರಲ್ಲಿ ಎದ್ದು ನಿಂತಿತು.

ಹಣದ ಲೆಕ್ಕ ಹೀಗೆ: ಊರಿನವರ ಚಂದಾ, ಪಾದ್ರಿಗಳ ಪಾಲುಹಣ, ಯುರೋಪಿನ ಕಾಣಿಕೆ, ರಾಜ್ಯದ ಅನುದಾನ. ಒಬ್ಬ ದೊಡ್ಡ ದಾನಿ ಎಲ್ಲೂ ಇಲ್ಲ. 1834ರಲ್ಲಿ ಕಾಲೇಜಿನ ಅಧ್ಯಕ್ಷರಾದವರು ಚಾರ್ಲ್ಸ್ ಫಿಲಿಪ್ ಕ್ರೌತ್, ಶ್ಮಕರ್ ಸೆಮಿನರಿಯಲ್ಲೇ ಉಳಿದರು. ಕ್ರೌತ್ ಹೆಸರು ನೆನಪಿಟ್ಟುಕೊಳ್ಳಿ.

ಪಾಠದ ಕೋಣೆಯಲ್ಲಿ ಅವರು ಹೇಗಿದ್ದರು ಎಂಬುದಕ್ಕೆ 1835ರಲ್ಲಿ ಸೇರಿದ ಡೇನಿಯಲ್ ಪೇನ್ ಅವರ ದಾರಿ ನೋಡಿ. ಪೇನ್ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಸ್ವತಂತ್ರ ಕರಿಯ ಯುವಕ. ಕರಿಯ ಮಕ್ಕಳಿಗಾಗಿ ಅವರು ನಡೆಸುತ್ತಿದ್ದ ಶಾಲೆಯನ್ನು ಹೊಸ ಕಾನೂನೊಂದು ಮುಚ್ಚಿಸಿದಾಗ ಉತ್ತರಕ್ಕೆ ಬಂದರು. ಅವರನ್ನು ಸೆಮಿನರಿಗೆ ತಂದು ಖರ್ಚು ನೋಡಿಕೊಂಡದ್ದು ಅಲ್ಲಿಯ ವಿದ್ಯಾರ್ಥಿಗಳ ಸಂಘವೇ. ಎರಡು ವರ್ಷ ಓದಿ, ಕಣ್ಣಿನ ತೊಂದರೆಯಿಂದ ಬಿಡಬೇಕಾಯಿತು. 1839ರಲ್ಲಿ ಫ್ರಾಂಕಿಯನ್ ಸಿನಡ್ ಎಂಬ ಗುಲಾಮಗಿರಿ ವಿರೋಧಿ ಲೂಥರನ್ ಸಿನಡ್ ಅವರಿಗೆ ದೀಕ್ಷೆ ಕೊಟ್ಟಿತು. ಆಮೇಲೆ ಪೇನ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಸೇರಿ 1852ರಲ್ಲಿ ಬಿಷಪ್ ಆದರು, 1863ರಲ್ಲಿ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಅಮೆರಿಕದಲ್ಲಿ ಕಾಲೇಜೊಂದರ ಅಧ್ಯಕ್ಷ ಪದವಿಗೇರಿದ ಮೊದಲ ಕರಿಯ ಅವರು. ಶ್ಮಕರ್ ಗುಲಾಮಗಿರಿಯನ್ನು ಬಹಿರಂಗವಾಗಿಯೇ ವಿರೋಧಿಸಿದವರು. ಹಾಗಿದ್ದೂ ಅವರ ಎರಡನೆಯ ಹೆಂಡತಿ ಗುಲಾಮರಿದ್ದ ವರ್ಜೀನಿಯಾದ ಮನೆತನದಿಂದ ಬಂದವರು. ಆ ಕಾಲದ ಗಡಿನಾಡಿನ ಪಾದ್ರಿಯ ಬಾಳು ಅಷ್ಟು ಸರಳರೇಖೆಯಲ್ಲಿ ಇರಲಿಲ್ಲ.

ಅವರ ಮನಸ್ಸು ನಿಜವಾಗಿ ಓಡುತ್ತಿದ್ದದ್ದು ಸಭೆಗಳ ಐಕ್ಯದ ಕಡೆಗೆ. 1838ರಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ಸಭೆಗಳಿಗೆಲ್ಲ ಒಂದು ಮನವಿ ಬರೆದರು: ಪ್ರತಿ ಸಭೆ ತನ್ನ ಆಡಳಿತವನ್ನೂ ಆರಾಧನೆಯ ಕ್ರಮವನ್ನೂ ಇಟ್ಟುಕೊಳ್ಳಲಿ, ಎಲ್ಲರಿಗೂ ಸಾಮಾನ್ಯವಾದ ಚಿಕ್ಕ ವಿಶ್ವಾಸಪ್ರಮಾಣ ಒಂದಿರಲಿ, ಒಬ್ಬರ ವೇದಿಕೆಯಲ್ಲಿ ಇನ್ನೊಬ್ಬರು ಬೋಧಿಸಲಿ, ಕರ್ತನ ಭೋಜನದಲ್ಲಿ ಒಟ್ಟಿಗೆ ಕೂರಲಿ. 1846ರಲ್ಲಿ ಲಂಡನ್‌ನಲ್ಲಿ ಇವ್ಯಾಂಜೆಲಿಕಲ್ ಅಲಯನ್ಸ್ ಕಟ್ಟಿದಾಗ ಅಲ್ಲಿಗೂ ಹೋಗಿದ್ದರು. ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ ಪರಂಪರೆ ಗೊತ್ತಿರುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆ ಮಿಷನ್ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಸೇರಿ ನಡೆಸಿದ್ದು. ಆದರೆ ಗುಂಟೂರಿನ ಆಂಧ್ರ ಲೂಥರನ್ನರ ನಡುವೆ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. 1842ರಲ್ಲಿ ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ ಕಳುಹಿಸಿದ ಹೇಯರ್ ಪಾದ್ರಿಯಿಂದ ಶುರುವಾದ ಆ ಸಭೆ 1947ರ ದಕ್ಷಿಣ ಭಾರತ ಸಭೆಯ ಒಕ್ಕೂಟದೊಳಗೆ ಬರಲಿಲ್ಲ. ಐಕ್ಯ ಮುಖ್ಯವೋ ವಿಶ್ವಾಸಪತ್ರ ಮುಖ್ಯವೋ ಎಂಬ ಜಗಳ ಗೆಟ್ಟಿಸ್‌ಬರ್ಗ್‌ನಲ್ಲಿ ಮುಗಿಯಲಿಲ್ಲ.

ಈಗ 1855. ಅಷ್ಟರಲ್ಲಿ ಸಭೆಯ ಜನವೇ ಬದಲಾಗಿತ್ತು. ಜರ್ಮನಿಯಿಂದ ಹೊಸದಾಗಿ ಬಂದ ವಲಸಿಗರು ಹಳೆಯ ಕಟ್ಟುನಿಟ್ಟಿನ ಲೂಥರನ್ ಬೋಧನೆಯನ್ನು ಜೊತೆಗೆ ತಂದಿದ್ದರು. 1823ರಲ್ಲಿ ಹೊರಟುಹೋಗಿದ್ದ ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ 1853ರಲ್ಲಿ ಮರಳಿತ್ತು, ಆದರೆ ಈ ಸಲ ವಿಶ್ವಾಸಪತ್ರವನ್ನು ಕಂಕುಳಲ್ಲಿಟ್ಟುಕೊಂಡು. ಆ ಹೊತ್ತಿಗೆ ‘ಡೆಫಿನಿಟ್ ಸಿನಾಡಿಕಲ್ ಪ್ಲಾಟ್‌ಫಾರ್ಮ್’ ಎಂಬ ಕಿರುಹೊತ್ತಗೆ ಪಾದ್ರಿಗಳಿಗೆ ಅಂಚೆಯಲ್ಲಿ ಬಂತು, ಬರೆದವರ ಹೆಸರಿಲ್ಲದೆ. ಬರೆದವರು ಶ್ಮಕರ್ ಎಂಬುದು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಆಗ್ಸ್‌ಬರ್ಗ್ ಪತ್ರದಲ್ಲಿ ತಿದ್ದಬೇಕಾದ ತಪ್ಪುಗಳೆಂದು ಅದು ಹೇಳಿದ್ದು ಐದು: ಮಾಸ್ ಪೂಜೆಯ ವಿಧಿಗಳಿಗೆ ಸಮ್ಮತಿ, ಪಾದ್ರಿಯ ಮುಂದೆ ಖಾಸಗಿ ಪಾಪನಿವೇದನೆ ಮತ್ತು ಕ್ಷಮೆಯ ಘೋಷಣೆ, ಭಾನುವಾರದ ಸಬ್ಬತ್ (ವಿಶ್ರಾಂತಿ ದಿನದ) ಆಚರಣೆ ದೇವರ ಕಟ್ಟಳೆಯಲ್ಲ ಎಂಬ ಮಾತು, ದೀಕ್ಷಾಸ್ನಾನದಿಂದಲೇ ಹೊಸಹುಟ್ಟು ಎಂಬುದು, ಕರ್ತನ ಭೋಜನದಲ್ಲಿ ಕ್ರಿಸ್ತನ ದೇಹ ಮತ್ತು ರಕ್ತ ನಿಜವಾಗಿ ಇವೆ ಎಂಬುದು. ಮೊದಲ ಎರಡನ್ನು ಬಿಟ್ಟರೂ ನಡೆದೀತು ಎನ್ನುವ ಲೂಥರನ್ನರು ಇದ್ದರು. ಕೊನೆಯ ಎರಡು ಹಾಗಲ್ಲ. ಲೂಥರ್ 1529ರಲ್ಲಿ ಮಾರ್ಬುರ್ಗ್‌ನಲ್ಲಿ ಸ್ವಿಸ್ ಸುಧಾರಕ ಜ್ವಿಂಗ್ಲಿಯ ಜೊತೆ ಮುರಿದುಕೊಂಡದ್ದೇ ‘ಇದು ನನ್ನ ದೇಹ’ ಎಂಬ ಮಾತಿಗಾಗಿ. ಅದನ್ನು ತೆಗೆದರೆ ಉಳಿಯುವುದು ಪ್ರೊಟೆಸ್ಟೆಂಟ್ ನಂಬಿಕೆ ಹೌದು, ಲೂಥರನ್ ನಂಬಿಕೆ ಎನ್ನುವುದು ಕಷ್ಟ. ಈ ವಿಷಯದಲ್ಲಿ ಅವರ ವಿರೋಧಿಗಳ ಕೈ ಮೇಲಾಗಿತ್ತು ಎಂದೇ ನನ್ನ ತೀರ್ಮಾನ.

ಅವರು ಎಡವಿದ ಇನ್ನೊಂದು ಜಾಗ ವಿಧಾನ. 1820ರ ದಶಕದಲ್ಲಿ ಊರೂರು ತಿರುಗಿ, ಎದುರಿಗೆ ಕೂತು ಒಪ್ಪಿಸಿದವರು ಈಗ ಹೆಸರಿಲ್ಲದ ಹೊತ್ತಗೆಯನ್ನು ಅಂಚೆಗೆ ಹಾಕಿದರು. ಒಪ್ಪಿಕೊಂಡದ್ದು ಓಹಿಯೋ ಸೀಮೆಯ ಕೆಲವು ಸಣ್ಣ ಸಿನಡ್‌ಗಳು ಮಾತ್ರ. 1856ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೂಲಿಯಸ್ ಮಾನ್ ವಿಶ್ವಾಸಪತ್ರದ ಪರವಾಗಿ ಪುಸ್ತಕವನ್ನೇ ಬರೆದರು, ಶ್ಮಕರ್ ಅದೇ ವರ್ಷ ಮರುಉತ್ತರದ ಪುಸ್ತಕ ತಂದರು. ವಿರೋಧ ಪಕ್ಷಕ್ಕೆ ವಿದ್ವತ್ತಿನ ಬಲ ಕೊಟ್ಟವರು ಯಾರು ಗೊತ್ತೇ? ಚಾರ್ಲ್ಸ್ ಪೋರ್ಟರ್‌ಫೀಲ್ಡ್ ಕ್ರೌತ್, ಆ ಕಾಲೇಜು ಅಧ್ಯಕ್ಷ ಕ್ರೌತ್ ಅವರ ಮಗ. ಗೆಟ್ಟಿಸ್‌ಬರ್ಗ್ ಕಾಲೇಜಿನಲ್ಲೂ ಸೆಮಿನರಿಯಲ್ಲೂ ಓದಿದವರು. ಹದಿನಾರನೆಯ ಶತಮಾನದ ಜರ್ಮನ್, ಲ್ಯಾಟಿನ್ ಗ್ರಂಥಗಳನ್ನು ಮೂಲದಲ್ಲೇ ಓದಬಲ್ಲ ಅಮೆರಿಕನ್ ಪಾದ್ರಿಯನ್ನು ತಯಾರು ಮಾಡಬೇಕೆಂದು 1827ರಲ್ಲಿ ಲ್ಯಾಟಿನ್ ಶಾಲೆ ತೆರೆದಿದ್ದರಲ್ಲ, ಅಂಥವನೊಬ್ಬ ತಯಾರಾಗಿ ಬಂದಿದ್ದ.

ಗೆಟ್ಟಿಸ್‌ಬರ್ಗ್ ಕದನ ನಡೆದದ್ದು 1863ರ ಜುಲೈ 1ರಿಂದ 3ರ ವರೆಗೆ. ಮೊದಲ ದಿನ ಯೂನಿಯನ್ (ಉತ್ತರದ) ಸೇನೆಯ ಸೇನಾನಿ ಬ್ಯುಫೋರ್ಡ್ ಶತ್ರು ಬರುವ ದಾರಿ ನೋಡಿದ್ದು ಸೆಮಿನರಿ ಕಟ್ಟಡದ ಮೇಲಿನ ಗೋಪುರದಿಂದ. ಸಂಜೆಯ ಹೊತ್ತಿಗೆ ದಿಣ್ಣೆ ಕಾನ್ಫೆಡರೇಟ್ (ದಕ್ಷಿಣದ) ಸೇನೆಯ ಕೈಗೆ ಹೋಯಿತು. ಪಕ್ಕದಲ್ಲೇ ಇದ್ದ ಶ್ಮಕರ್ ಮನೆಗೆ ದಕ್ಷಿಣದ ಸೈನಿಕರು ನುಗ್ಗಿ ಪುಸ್ತಕ, ಕಾಗದಪತ್ರಗಳನ್ನೆಲ್ಲ ಹಾಳುಗೆಡವಿದರು. ಸೆಮಿನರಿಯೂ ಪೆನ್ಸಿಲ್ವೇನಿಯಾ ಹಾಲೂ ಗಾಯಾಳುಗಳ ಆಸ್ಪತ್ರೆಗಳಾದವು. ಈ ಮೂರೂ ದಿನ ಬೆಳಗ್ಗೆ 7, ಮಧ್ಯಾಹ್ನ 2, ರಾತ್ರಿ 9ಕ್ಕೆ ತಪ್ಪದೆ ಉಷ್ಣಮಾಪಕ ನೋಡಿ ಬರೆದಿಟ್ಟವರು ಆ ಗಣಿತದ ಮೇಷ್ಟರು ಮೈಕೆಲ್ ಜೇಕಬ್ಸ್. ಮೂರನೆಯ ದಿನ ದಕ್ಷಿಣದ ಸೇನಾನಿ ಪಿಕೆಟ್‌ನ ಪಡೆ ಬಯಲಿಗೆ ಇಳಿದ ಮಧ್ಯಾಹ್ನ 87 ಡಿಗ್ರಿ ಫ್ಯಾರನ್‌ಹೀಟ್ ಎಂದು ಇತಿಹಾಸಕಾರರು ಇಂದಿಗೂ ಬರೆಯುವುದು ಅವರ ಟಿಪ್ಪಣಿಯಿಂದಲೇ. ಅದೇ ನವೆಂಬರ್ 19ರಂದು ಲಿಂಕನ್ ಭಾಷಣ ಮಾಡಿದ ಸಮಾರಂಭದಲ್ಲಿ ಕೊನೆಯ ಆಶೀರ್ವಾದ ಹೇಳಿದ್ದು ಕಾಲೇಜಿನ ಆಗಿನ ಅಧ್ಯಕ್ಷ ಹೆನ್ರಿ ಬಾಗರ್.

ಶ್ಮಕರ್ 1864ರಲ್ಲಿ ನಿವೃತ್ತರಾದರು. ಅವರ ಕುರ್ಚಿಗೆ ಬಂದವರು ಜೇಮ್ಸ್ ಅಲೆನ್ ಬ್ರೌನ್, ಏಳು ವರ್ಷದ ಹಿಂದೆ ಶ್ಮಕರ್ ಬೋಧನೆಯನ್ನು ಅಚ್ಚಿನಲ್ಲೇ ಖಂಡಿಸಿದ್ದವರು. ಅದೇ ವರ್ಷ ಪೇನ್‌ಗೆ ದೀಕ್ಷೆ ಕೊಟ್ಟಿದ್ದ ಫ್ರಾಂಕಿಯನ್ ಸಿನಡ್ ಅನ್ನು ಜನರಲ್ ಸಿನಡ್ ಒಳಗೆ ಸೇರಿಸಿಕೊಂಡಾಗ, ವಿಶ್ವಾಸಪತ್ರವನ್ನು ಒಪ್ಪದವರನ್ನು ಹೇಗೆ ಸೇರಿಸಿಕೊಂಡಿರಿ ಎಂದು ಪೆನ್ಸಿಲ್ವೇನಿಯಾದವರು ಎದ್ದುಹೋದರು. ಫಿಲಡೆಲ್ಫಿಯಾದಲ್ಲಿ ಬೇರೆ ಸೆಮಿನರಿ ತೆರೆಯಿತು, ಕಿರಿಯ ಕ್ರೌತ್ ಅಲ್ಲಿ ಪ್ರೊಫೆಸರ್ ಆದರು. 1867ರಲ್ಲಿ ಜನರಲ್ ಕೌನ್ಸಿಲ್ ಎಂಬ ಪ್ರತ್ಯೇಕ ಒಕ್ಕೂಟವೂ ಆಯಿತು. ಶ್ಮಕರ್ ಅವರ ಮಗ ಬೀಲ್ ಮೆಲಾಂಕ್ತನ್ ಶ್ಮಕರ್ ನಿಂತದ್ದು ಆ ಪಕ್ಷದಲ್ಲಿ. ತಂದೆ ತೀರಿಕೊಂಡದ್ದು 1873ರ ಜುಲೈ 26ರಂದು, ಗೆಟ್ಟಿಸ್‌ಬರ್ಗ್‌ನಲ್ಲೇ.

ನೀವು ಮುಂದೆ ಓದುವಾಗ ಹುಷಾರಾಗಿರಬೇಕಾದ ಕೆಲವು ಕಡೆಗಳಿವೆ. ‘ಪೆನ್ಸಿಲ್ವೇನಿಯಾ ಕಾಲೇಜು’ ಎಂದು ಹಳೆಯ ಪುಸ್ತಕದಲ್ಲಿ ಕಂಡರೆ ಫಿಲಡೆಲ್ಫಿಯಾದ ವಿಶ್ವವಿದ್ಯಾಲಯ ಎಂದು ತಿಳಿಯಬೇಡಿ, ಈಗಿನ ಗೆಟ್ಟಿಸ್‌ಬರ್ಗ್ ಕಾಲೇಜಿಗೆ 1921ರ ವರೆಗೆ ಅದೇ ಹೆಸರು. ಬರೀ ‘ಡಾಕ್ಟರ್ ಕ್ರೌತ್’ ಎಂದಿದ್ದರೆ ಇಸವಿ ನೋಡಿ ತಂದೆಯೋ ಮಗನೋ ಗೊತ್ತುಮಾಡಿಕೊಳ್ಳಿ. ಇಬ್ಬರ ಹೆಸರೂ ‘ಚಾರ್ಲ್ಸ್ ಪಿ.’ ಎಂದೇ ಶುರುವಾಗುತ್ತದೆ. ಇನ್ನು ಕದನದ ಚಿತ್ರಗಳಲ್ಲಿ ಗೋಪುರ ಇರುವ ಕಟ್ಟಡಗಳು ಎರಡು. ಊರಿನ ಪಶ್ಚಿಮಕ್ಕೆ ದಿಣ್ಣೆಯ ಮೇಲಿರುವ ಇಟ್ಟಿಗೆ ಕಟ್ಟಡ ಸೆಮಿನರಿ, ಈಗ ಅದು ವಸ್ತುಸಂಗ್ರಹಾಲಯ. ಊರಿನ ಉತ್ತರದಲ್ಲಿರುವ ಬಿಳಿ ಕಂಬಗಳದ್ದು ಕಾಲೇಜು.